ಹನ್ನೊಂದು ನಿಮಿಷದ ಹಿಲ್ಮಾರ್

ಹಿಲ್ಮಾರನಿಗೆ ಕಿತ್ತಳೆ ಬಣ್ಣದ ಜಾಕೆಟ್ಟು ಸಿಕ್ಕಿದ್ದೇ ಎಲ್ಲ ಅನರ್ಥಕ್ಕೂ ಮೂಲ.

ಮೂವತ್ತೊಂದು ವರ್ಷ ಮೀನು ಕಾರ್ಖಾನೆಯಲ್ಲಿ ಕಾಡ್ ಮೀನಿನ ತಲೆ ಕತ್ತರಿಸಿದ ಮನುಷ್ಯ ಅವನು. ಆಗ ಅವನ ಮಾತನ್ನು ಯಾರೂ ಕೇಳುತ್ತಿರಲಿಲ್ಲ. ಕೇಳಲಿ ಎಂದು ಅವನೂ ಹೇಳುತ್ತಿರಲಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ನಮ್ಮ ಸ್ಕರ್ವನೆಸ್ ಊರಿನ ವಿಮಾನ ನಿಲ್ದಾಣದಲ್ಲಿ ಅರ್ಧ ದಿನದ ಕೆಲಸ ಸಿಕ್ಕಿತು. ಮೆಟ್ಟಿಲ ಮೇಲಿನ ಹಿಮ ಗುಡಿಸುವುದು, ಸಾಮಾನಿನ ಗಾಡಿ ತಳ್ಳುವುದು, ಹಿಮಸಾರಂಗಗಳು ರನ್‌ವೇ ಮೇಲೆ ಬಂದು ನಿಂತರೆ ಹೋ ಹೋ ಎಂದು ಓಡಿಸುವುದು. ಇಷ್ಟೇ. ಆದರೆ ಜಾಕೆಟ್ಟಿನ ಬೆನ್ನ ಮೇಲೆ ದೊಡ್ಡ ಅಕ್ಷರದಲ್ಲಿ ‘ವಿಮಾನ ನಿಲ್ದಾಣ’ ಎಂದು ಅಚ್ಚಾಗಿತ್ತು. ಅದನ್ನು ತೊಟ್ಟ ದಿನದಿಂದ ಹಿಲ್ಮಾರ್ ಮೊದಲು ಆಕಾಶ ನೋಡಿ, ಆಮೇಲೆ ಮಾತಾಡತೊಡಗಿದ. ಇಗರ್ಜಿಗೆ ಹೋದರೂ ಜಾಕೆಟ್ಟು, ಮದುವೆಗೆ ಹೋದರೂ ಜಾಕೆಟ್ಟು. ಅವನ ಹೆಂಡತಿ ಗುನ್ವೋರ್ ಒಂದು ದಿನ ನನ್ನ ಅಂಗಡಿಗೆ ಬಂದು, “ಯೋರುನ್, ಇವರು ಮಲಗುವಾಗಲೂ ಅದನ್ನ ಮಂಚದ ಕಾಲಿಗೆ ನೇತು ಹಾಕ್ತಾರೆ. ಎದ್ದ ತಕ್ಷಣ ಕಾಣಬೇಕಂತೆ,” ಎಂದು ಹೇಳಿ, ಒಂದು ಕಿಲೋ ಹಿಟ್ಟು ತೆಗೆದುಕೊಂಡು ಹೋದಳು.

ದೇಶದ ಉತ್ತರ ತುದಿಯಲ್ಲಿರುವ ನಮ್ಮ ಫಿನ್ಮಾರ್ಕಿನಲ್ಲಿ ಒಂದು ಊರಿಂದ ಇನ್ನೊಂದು ಊರಿಗೆ ಎಷ್ಟು ದೂರ ಎಂದು ಕೇಳಿದರೆ, ಯಾವುದರಲ್ಲಿ ಹೋಗುತ್ತೀಯ ಎಂದು ತಿರುಗಿ ಕೇಳುವುದು ರೂಢಿ. ಸ್ಕರ್ವನೆಸ್ಸಿನಿಂದ ಹೋಲ್ಮವಿಕ್‌ಗೆ ಹಕ್ಕಿ ಹಾರಿದರೆ ನಲವತ್ತಮೂರು ಕಿಲೋಮೀಟರ್. ನಡುವೆ ಸಮುದ್ರದ ದೊಡ್ಡ ನಾಲಗೆಯೊಂದು ಒಳಗೆ ಚಾಚಿಕೊಂಡಿದೆ. ರಸ್ತೆಯಲ್ಲಿ ಹೋಗುವವರು ಪಾಪ ಅದರ ತುದಿಯವರೆಗೆ ಹೋಗಿ, ಬೆಟ್ಟ ಹತ್ತಿ, ಇಳಿದು, ಮತ್ತೆ ಆಚೆ ದಡದಲ್ಲಿ ಬರಬೇಕು. ಇನ್ನೂರ ಮೂವತ್ತೊಂದು ಕಿಲೋಮೀಟರ್. ಆಸ್ಪತ್ರೆ ಹೋಲ್ಮವಿಕ್‌ನಲ್ಲಿದೆ. ಹಲ್ಲಿನ ಡಾಕ್ಟರು ಅಲ್ಲಿ, ಹೆರಿಗೆ ಅಲ್ಲಿ. ಹಿಲ್ಮಾರನ ಪಕ್ಕದ ಮನೆಯ ಐಡಾರ್ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಹೋಗುವುದೂ ಅಲ್ಲಿಗೇ. ಬೆಳಿಗ್ಗೆಯ ವಿಮಾನದಲ್ಲಿ ಹೋಗಿ ಸಂಜೆಯ ವಿಮಾನದಲ್ಲಿ ಬಂದು, ಬೆಕ್ಕಿಗೆ ಊಟ ಹಾಕುತ್ತಾನೆ.

ಆ ಶರತ್ಕಾಲದಲ್ಲಿ ರಾಜಧಾನಿ ಓಸ್ಲೋದಿಂದ ಸಣ್ಣ ನಿಲ್ದಾಣಗಳ ಮರುಪರಿಶೀಲನಾ ಸಮಿತಿ ಎಂಬುದೊಂದು ಹೊರಟಿತು. ಹೆಸರು ಕೇಳಿದ ಕೂಡಲೇ ನಮ್ಮೂರ ಅಧ್ಯಕ್ಷೆ ಆಸ್ಲೌಗ್‌ಗೆ ಅದರ ವಾಸನೆ ತಿಳಿಯಿತು. ನಮ್ಮದು, ಹೋಲ್ಮವಿಕ್‌ನದು, ಈ ಎರಡು ನಿಲ್ದಾಣಗಳಲ್ಲಿ ಒಂದನ್ನು ಮುಚ್ಚಲು ಬರುತ್ತಿದ್ದಾರೆ. ಊರಿನ ಸಭಾಭವನದಲ್ಲಿ ನಮ್ಮನ್ನೆಲ್ಲ ಕೂಡಿಸಿ ಶಾಲಾ ಮಕ್ಕಳ ಹಾಗೆ ಪಾಠ ಒಪ್ಪಿಸಿಕೊಂಡಳು.

“ಹೋಲ್ಮವಿಕ್ ಎಷ್ಟು ದೂರ ಅಂತ ಕೇಳಿದ್ರೆ ಏನ್ ಹೇಳ್ತೀರಿ?”

“ಇನ್ನೂರ ಮೂವತ್ತೊಂದು ಕಿಲೋಮೀಟರ್!” ಎಂದೆವು ಎಲ್ಲರೂ.

“ಬೇಸಿಗೇಲಿ?”

“ನಾಲ್ಕೂವರೆ ಗಂಟೆ!”

“ಚಳಿಗಾಲದಲ್ಲಿ?”

“ದೇವರೇ ಬಲ್ಲ!”

“ಭೇಷ್. ಇದರ ಮೇಲೆ ಯಾರಾದ್ರೂ ಒಂದು ಅಕ್ಷರ ಹೆಚ್ಚಿಗೆ ಮಾತಾಡಿದ್ರೆ ನಾನು ಮನುಷ್ಯಳಾಗಿರಲ್ಲ,” ಎಂದಳು ಆಸ್ಲೌಗ್.

ಈ ಪಾಠ ನಡೆಯುವ ಹೊತ್ತಿನಲ್ಲಿ ಹಿಲ್ಮಾರ್ ನಿಲ್ದಾಣದಲ್ಲಿ ಹಿಮಸಾರಂಗ ಓಡಿಸುತ್ತಿದ್ದ. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ. ಹಿಲ್ಮಾರನನ್ನು ಯಾರು ಏನು ಕೇಳುತ್ತಾರೆ?

ಸಮಿತಿಯ ಪರವಾಗಿ ಬಂದವನು ಪ್ರೆಬೆನ್ ಎಂಬ ತರುಣ. ತೆಳ್ಳಗೆ, ಚೂಪು ಬೂಟು, ಕಂಕುಳಲ್ಲಿ ದಪ್ಪ ಚರ್ಮದ ಚೀಲ. ಸಭೆ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಅವನು ಕೇಳಿದ ಪ್ರತಿಯೊಂದು ಪ್ರಶ್ನೆಗೂ ಇಡೀ ಭವನ ‘ಇನ್ನೂರ ಮೂವತ್ತೊಂದು’ ಎಂದಿತು. ಊರಿನ ಜನಸಂಖ್ಯೆ ಕೇಳಿದಾಗಲೂ ಹಿಂದಿನ ಸಾಲಿನವರು ಅದನ್ನೇ ಹೇಳಿದರು. ಪ್ರೆಬೆನ್ ತಲೆದೂಗಿ ಬರೆದುಕೊಂಡು ನಿಲ್ದಾಣಕ್ಕೆ ಹೋದ. ನಾವು ಗೆದ್ದೆವೆಂದು ಕೇಕು ಕತ್ತರಿಸಿದೆವು.

ಅದೇ ಹೊತ್ತಿಗೆ ನಿಲ್ದಾಣದ ಬೆಂಚಿನ ಮೇಲೆ ಒಬ್ಬನೇ ಕುಳಿತು ಬೇಸತ್ತ ಪ್ರೆಬೆನ್, ಕಿತ್ತಳೆ ಜಾಕೆಟ್ಟು ನೋಡಿ ಸುಮ್ಮನೆ ಮಾತಿಗೆ ಕೇಳಿದ: “ಹೋಲ್ಮವಿಕ್ ಬಹಳ ದೂರವಂತೆ, ಅಲ್ವಾ?”

ಹಿಲ್ಮಾರ್ ಆಕಾಶ ನೋಡಿದ.

“ದೂರಾನಾ? ಯಾರು ಹೇಳಿದ್ದು ನಿಮಗೆ? ಹನ್ನೊಂದು ನಿಮಿಷ! ನೀವು ಬಾಯಿಗೆ ಪೆಪ್ಪರ್‌ಮಿಂಟ್ ಹಾಕ್ಕೊಂಡ್ರೆ ಅದು ಕರಗೋ ಮುಂಚೆ ಹೋಲ್ಮವಿಕ್. ಹಿಂದಿಂದ ಗಾಳಿ ಬಂದ್ರೆ ಒಂಬತ್ತು. ಎಂಟು ವರ್ಷದಿಂದ ನಾನು ಲೆಕ್ಕ ಇಟ್ಟಿದ್ದೀನಿ. ಇಲ್ಲಿ ಚಕ್ರ ಎದ್ದ ಕೂಡಲೇ ಗಡಿಯಾರ ನೋಡ್ತೀನಿ, ಅಲ್ಲಿ ಇಳಿದ ಕೂಡಲೇ ಅಲ್ಲಿನವರು ಫೋನ್ ಮಾಡ್ತಾರೆ. ನಲವತ್ತಮೂರು ಕಿಲೋಮೀಟರ್ ಒಂದು ದೂರಾನಾ ಸ್ವಾಮಿ? ಪಕ್ಕದ ಕೋಣೆ ಇದ್ದ ಹಾಗೆ!”

ಪ್ರೆಬೆನ್ ಚೀಲದಿಂದ ಪೆನ್ನು ತೆಗೆದ. “ನಿಮ್ಮ ಪೂರ್ತಿ ಹೆಸರು?”

ಜೀವಮಾನದಲ್ಲಿ ಹಿಲ್ಮಾರನ ಹೆಸರನ್ನು ಯಾರೂ ಚರ್ಮದ ಚೀಲದಿಂದ ತೆಗೆದ ಪೆನ್ನಿನಲ್ಲಿ ಬರೆದುಕೊಂಡಿರಲಿಲ್ಲ. ಅವನು ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ಹೇಳಿದ.

ನವೆಂಬರಿನಲ್ಲಿ ವರದಿ ಬಂತು. ನಿಲ್ದಾಣದ ವಿಳಾಸಕ್ಕೆ ಬಂದ ಪ್ರತಿಯನ್ನು ಹಿಲ್ಮಾರನೇ ಒಡೆದ. ತನ್ನ ಹೆಸರು ಕಂಡ ಪುಟದಲ್ಲಿ ಬೆರಳಿಟ್ಟುಕೊಂಡು, ಹಿಮದಲ್ಲಿ ಜಾರುತ್ತ ನನ್ನ ಅಂಗಡಿಗೆ ಓಡಿ ಬಂದ. ಒಳಗೆ ಐದಾರು ಜನ ಇದ್ದರು. ಆಸ್ಲೌಗ್ ಆಲೂಗಡ್ಡೆ ಆರಿಸುತ್ತಿದ್ದಳು.

“ಓದಿ, ಓದಿ! ಗಟ್ಟಿಯಾಗಿ ಓದಿ! ‘ಸ್ಥಳೀಯ ವಿಮಾನಯಾನ ತಜ್ಞರಾದ ಶ್ರೀ ಹಿಲ್ಮಾರ್’ ಅಂತ ಹಾಕಿದ್ದಾರೆ! ತಜ್ಞ! ಸರ್ಕಾರದ ಕಾಗದದಲ್ಲಿ!”

ಆಸ್ಲೌಗ್ ಕಾಗದ ಕಿತ್ತುಕೊಂಡು ಓದಿದಳು. ತಜ್ಞ ಎಂಬ ಪದದ ಮುಂದೆ ಇನ್ನೂ ಮೂರು ಸಾಲು ಇತ್ತು. ಹಿಲ್ಮಾರ್ ಅಲ್ಲಿಯವರೆಗೆ ಹೋಗಿರಲಿಲ್ಲ.

“‘...ತಜ್ಞರಾದ ಶ್ರೀ ಹಿಲ್ಮಾರ್ ಅವರು ಎಂಟು ವರ್ಷಗಳ ಅಳತೆಯಿಂದ ಖಚಿತಪಡಿಸಿರುವಂತೆ, ಎರಡು ನಿಲ್ದಾಣಗಳ ನಡುವೆ ಕೇವಲ ಹನ್ನೊಂದು ನಿಮಿಷಗಳ ಅಂತರವಿದ್ದು, ಅವು ಪಕ್ಕದ ಕೋಣೆಗಳಂತಿವೆ. ಆದ್ದರಿಂದ ಸ್ಕರ್ವನೆಸ್ ನಿಲ್ದಾಣವನ್ನು ಮುಚ್ಚಿದರೂ ಅಲ್ಲಿನ ನಿವಾಸಿಗಳಿಗೆ ತೊಂದರೆಯಾಗದು. ಅವರು ಹೋಲ್ಮವಿಕ್ ನಿಲ್ದಾಣವನ್ನು ಬಳಸಿಕೊಳ್ಳಬಹುದು.’”

ಹಿಲ್ಮಾರ್ ಆ ಮೂರು ಸಾಲಿನ ಮೇಲೆ ಬೆರಳು ಎಳೆದ.

“ಆದ್ರೆ,” ಎಂದ. “ನಮ್ಮ ನಿಲ್ದಾಣ ಮುಚ್ಚಿದ ಮೇಲೆ ಹನ್ನೊಂದು ನಿಮಿಷದಲ್ಲಿ ಹೋಗೋದು ಹೇಗೆ? ವಿಮಾನ ಎಲ್ಲಿಂದ ಏಳುತ್ತೆ?”

“ಅದನ್ನ ನೀನು ಹೇಳಪ್ಪ,” ಎಂದಳು ಆಸ್ಲೌಗ್. “ನೀನು ತಜ್ಞ.”

ಅವಳು ಆರಿಸಿದ ಆಲೂಗಡ್ಡೆಯನ್ನೆಲ್ಲ ವಾಪಸ್ಸು ಬುಟ್ಟಿಗೆ ಸುರಿದು ಹೊರಟುಹೋದಳು.

ಅಂದಿನಿಂದ ಊರಿನಲ್ಲಿ ಹಿಲ್ಮಾರನ ಬದುಕು ಹೇಗಿತ್ತೆಂದು ನಾನು ಉತ್ಪ್ರೇಕ್ಷೆ ಮಾಡದೆ ಹೇಳುತ್ತೇನೆ. ಅವನು ಕಾಫಿ ಕೇಳಿದರೆ, “ಹನ್ನೊಂದು ನಿಮಿಷ ಕಾಯಿ,” ಎನ್ನುತ್ತಿದ್ದರು. ಇಗರ್ಜಿಯಲ್ಲಿ ಅವನ ಬೆಂಚಿನಲ್ಲಿ ಯಾರೂ ಕೂರಲಿಲ್ಲ. ಪಾದ್ರಿಯೇ ಪ್ರವಚನದ ನಡುವೆ ‘ಸ್ವರ್ಗ ದೂರವಿಲ್ಲ’ ಎಂದು ಹೇಳಿ, ಹಿಲ್ಮಾರನ ಕಡೆ ನೋಡಿ, ಕೆಮ್ಮಿ, ‘ದೂರವಿದೆ’ ಎಂದು ತಿದ್ದಿಕೊಂಡರು. ಗುನ್ವೋರ್ ಹನ್ನೊಂದು ದಿನ ತಣ್ಣಗಿನ ಮೀನಿನ ವಡೆ ಬಡಿಸಿದಳು. ಹೆಂಗಸರ ಹೆಣಿಗೆ ಸಂಘದಲ್ಲಿ ಅವಳು ತಲೆಯೆತ್ತುವ ಹಾಗಿರಲಿಲ್ಲ. “ನಿಮ್ಮ ಮನೇಲಿ ಎಲ್ಲಾ ಪಕ್ಕದ ಕೋಣೇಲೇ ಇರುತ್ತಂತೆ ಕಣೆ,” ಎನ್ನುತ್ತಿದ್ದರಂತೆ.

ಬೈಯದೆ ಇದ್ದವನು ಐಡಾರ್ ಒಬ್ಬನೇ. ಒಂದು ಬೆಳಿಗ್ಗೆ ವಿಮಾನ ಹತ್ತುವಾಗ ಹಿಲ್ಮಾರನ ಕೈಗೆ ತನ್ನ ಪುಟ್ಟ ಚೀಲ ಕೊಟ್ಟು, “ಮುಚ್ಚಿದ ಮೇಲೆ ನಾನು ಹೋಲ್ಮವಿಕ್‌ನಲ್ಲೇ ಒಂದು ರೂಮು ಹಿಡೀಬೇಕಾಗುತ್ತೆ. ವಾರಕ್ಕೆ ಮೂರು ಸಲ ಬೆಟ್ಟ ದಾಟೋಕಾಗಲ್ಲ. ಬೆಕ್ಕನ್ನ ನಿಮ್ಮನೇಲಿ ಬಿಡ್ಲಾ?” ಎಂದು ಕೇಳಿದ. ಹಿಲ್ಮಾರ್ ಚೀಲವನ್ನು ತಪ್ಪಿ ತನ್ನ ಹೆಗಲಿಗೇ ಹಾಕಿಕೊಂಡು ವಾಪಸ್ಸು ಬಂದ. ಆಮೇಲೆ ವಿಮಾನದ ಹಿಂದೆ ಓಡಿದ.

ಮಾಡಿದ ತಪ್ಪನ್ನು ತಿದ್ದಲು ಹಿಲ್ಮಾರ್ ಕೈಹಾಕಿದ್ದು ಆಮೇಲೆ. ಅವನು ತಪ್ಪು ಮಾಡಿದಾಗ ಆದದ್ದಕ್ಕಿಂತ ಹೆಚ್ಚು ಹಾನಿ ತಿದ್ದುವಾಗ ಆಯಿತು.

ಮೊದಲು ಸಮಿತಿಗೆ ಪತ್ರ ಬರೆದ: ‘ನಾನು ಹೇಳಿದ ಹನ್ನೊಂದು ನಿಮಿಷ ತಪ್ಪು. ದಯವಿಟ್ಟು ಐದು ಗಂಟೆ ಎಂದು ಓದಿಕೊಳ್ಳಿ.’ ಸಮಿತಿಯಿಂದ ಉತ್ತರ ಬಂತು: ‘ತಮ್ಮ ಪತ್ರದ ಹಿನ್ನೆಲೆಯಲ್ಲಿ ಅಧಿಕೃತ ವೇಳಾಪಟ್ಟಿಯನ್ನು ಪರಿಶೀಲಿಸಲಾಗಿ, ತಮ್ಮ ಮೊದಲ ಅಳತೆಯೇ ಅತ್ಯಂತ ನಿಖರವೆಂದು ಕಂಡುಬಂದಿದೆ. ಅಭಿನಂದನೆಗಳು.’

ಎರಡನೆಯದು: ‘ನಾನು ತಜ್ಞನೇ ಅಲ್ಲ. ಮೀನಿನ ತಲೆ ಕತ್ತರಿಸುತ್ತಿದ್ದವನು.’ ಉತ್ತರ: ‘ತಮ್ಮ ವಿನಯವನ್ನು ಸಮಿತಿ ಮೆಚ್ಚುತ್ತದೆ. ಫೆಬ್ರವರಿ ಹದಿನಾಲ್ಕರಂದು ಮಧ್ಯಾಹ್ನ ಒಂದು ಗಂಟೆಗೆ ಕೊನೆಯ ಅಹವಾಲು ಸಭೆಯಿದ್ದು, ತಾವು ತಜ್ಞ ಸಾಕ್ಷಿಯಾಗಿ ಹಾಜರಾಗತಕ್ಕದ್ದು. ಎರಡೂ ಊರುಗಳು ಹತ್ತಿರವಿರುವುದರಿಂದ ಸಭೆಯನ್ನು ಹೋಲ್ಮವಿಕ್‌ನಲ್ಲಿ ಇಟ್ಟುಕೊಳ್ಳಲಾಗಿದೆ.’

ಆಮೇಲೆ ಅವನು ವಿಮಾನದ ಹಾರಾಟವನ್ನೇ ಉದ್ದ ಮಾಡಲು ಹೊರಟ. ಕ್ಯಾಪ್ಟನ್ ಇಂಗುನ್ ಎಂಬ ಗಟ್ಟಿ ಹೆಂಗಸು ಮೆಟ್ಟಿಲಿಳಿಯುತ್ತಿದ್ದಾಗ ಅವಳ ತೋಳು ಹಿಡಿದುಕೊಂಡ.

“ಇಂಗುನ್, ಒಂದು ಉಪಕಾರ ಮಾಡು. ಸ್ವಲ್ಪ ನಿಧಾನಕ್ಕೆ ಹೋಗು.”

“ಎಷ್ಟು ನಿಧಾನಕ್ಕೆ?”

“ಒಂದು ಎರಡು ಗಂಟೆ ಹಿಡಿಯೋ ಹಾಗೆ.”

“ಹಿಲ್ಮಾರ್, ವಿಮಾನ ಅಷ್ಟು ನಿಧಾನಕ್ಕೆ ಹೋದ್ರೆ ಅದನ್ನ ವಿಮಾನ ಅನ್ನಲ್ಲ. ಬಿದ್ದಿದ್ದು ಅಂತಾರೆ.”

ಫೆಬ್ರವರಿ ಹದಿಮೂರಕ್ಕೆ ಪ್ರೆಬೆನ್ ಬಂದಿಳಿದ. ಮುಚ್ಚುವ ನಿಲ್ದಾಣವನ್ನು ಕೊನೆಯ ಸಲ ನೋಡಿ, ಮರುದಿನ ಮಧ್ಯಾಹ್ನದ ವಿಮಾನದಲ್ಲಿ ಹೋಲ್ಮವಿಕ್‌ಗೆ ಹೋಗುವುದೆಂದು ಏರ್ಪಾಡು. ಸಮಿತಿಯ ಎಲ್ಲ ಕಡತ, ಸಹಿಯ ಪುಸ್ತಕ, ಮೊಹರು ಅವನ ಚರ್ಮದ ಚೀಲದಲ್ಲೇ ಇದ್ದವು. ಹದಿನಾಲ್ಕರ ಬೆಳಿಗ್ಗೆ ಏಳೂವರೆಗೆ ಅವನು ನನ್ನ ಅಂಗಡಿಯ ಮೂಲೆಯಲ್ಲಿ ಕೂತು ಕಂದು ಚೀಸ್ ಹಾಕಿದ ಬ್ರೆಡ್ಡು ತಿನ್ನುತ್ತಿದ್ದಾಗ ಹಿಲ್ಮಾರ್ ಒಳಗೆ ಬಂದ. ಕೈಯಲ್ಲಿ ವರದಿ. ಈ ಸಲ ಪೂರ್ತಿ ಓದಿದ್ದ. ಅವನು ಆಕಾಶ ನೋಡಲಿಲ್ಲ.

“ಏಳನೇ ಪುಟ,” ಎಂದ. “ರಸ್ತೆ ಮೂಲಕ ಮೂರು ಗಂಟೆ ಇಪ್ಪತ್ತು ನಿಮಿಷ ಅಂತ ಬರೆದಿದ್ದೀರಿ. ಇದನ್ನ ಅಳೆದವರು ಯಾವ ತಜ್ಞರು?”

“ನಾನೇ,” ಎಂದ ಪ್ರೆಬೆನ್. “ದೂರವನ್ನ ವೇಗದಿಂದ ಭಾಗಿಸಿದೆ.”

“ಒಳ್ಳೇದು. ಇವತ್ತು ನೀವು ವಿಮಾನದಲ್ಲಿ ಹೋಗ್ಬೇಡಿ. ನೀವು ಮುಚ್ಚೋ ನಿಲ್ದಾಣದಿಂದ ನೀವೇ ಹತ್ತೋದು ನಾಚಿಕೆಗೇಡು. ನಾವು ಮುಂದೆ ಹೇಗೆ ಹೋಗ್ಬೇಕೋ ಹಾಗೆ ಹೋಗೋಣ. ಎಂಟಕ್ಕೆ ಹೊರಟ್ರೆ ನಿಮ್ಮ ಭಾಗಾಕಾರದ ಪ್ರಕಾರ ಹನ್ನೊಂದೂ ಇಪ್ಪತ್ತಕ್ಕೆ ಅಲ್ಲಿರ್ತೀವಿ. ಸಭೆ ಒಂದಕ್ಕೆ. ಮಧ್ಯೆ ಊಟಾನೂ ಮಾಡ್ಬಹುದು.”

ಪ್ರೆಬೆನ್‌ನ ಕಿವಿ ಕೆಂಪಾದವು. ಅಂಗಡಿಯಲ್ಲಿದ್ದವರೆಲ್ಲ ಅವನನ್ನೇ ನೋಡುತ್ತಿದ್ದರು. ಇಪ್ಪತ್ತೆಂಟು ವರ್ಷದವನಿಗೆ ತನ್ನ ಭಾಗಾಕಾರದ ಮೇಲೆ ಎಷ್ಟು ಅಭಿಮಾನವಿರುತ್ತದೆ ಎಂಬುದನ್ನು ನಾನು ಅಂದು ನೋಡಿದೆ.

“ಹೊರಡೋಣ,” ಎಂದು ಎದ್ದು ನಿಂತ.

“ಯಾರ ಗಾಡೀಲಿ?” ಎಂದೆ ನಾನು. ಹಿಲ್ಮಾರನ ಕಾರು ಡಿಸೆಂಬರಿನಿಂದ ಹಿಮದೊಳಗೆ ಹೂತಿತ್ತು. ಇಬ್ಬರೂ ನನ್ನ ಕಡೆ ತಿರುಗಿದರು. ಹೀಗೆ ಅಂಗಡಿಯ ವ್ಯಾನು, ಅದನ್ನು ಓಡಿಸಲು ನಾನು. ಸುದ್ದಿ ಹೇಗೆ ಮುಟ್ಟಿತೋ, ಹೊರಡುವಷ್ಟರಲ್ಲಿ ಗುನ್ವೋರ್ ಥರ್ಮಾಸು, ಹೆಣಿಗೆಯ ಬುಟ್ಟಿ ಹಿಡಿದು ಹಿಂದಿನ ಸೀಟಿನಲ್ಲಿ ಕೂತಾಗಿತ್ತು.

“ನೀನ್ಯಾಕೆ?” ಎಂದ ಹಿಲ್ಮಾರ್.

“ನೀವು ಅಲ್ಲಿ ಹೋಗಿ ಇನ್ನೊಂದು ಊರು ಮುಚ್ಚಿಸಬಾರದಲ್ಲ, ಅದಕ್ಕೆ.”

ಮೊದಲ ಗಂಟೆ ಚೆನ್ನಾಗಿಯೇ ಹೋಯಿತು. ಹೊರಡುವಾಗ ನೀರಿನಾಚೆ ಹೋಲ್ಮವಿಕ್‌ನ ಬೆಟ್ಟ ಎದುರಿಗೇ ಕಾಣುತ್ತಿತ್ತು. ಒಂದು ಗಂಟೆ ಓಡಿಸಿದ ಮೇಲೆ ಪ್ರೆಬೆನ್ ಕಿಟಕಿಯಿಂದ ಹಿಂದಕ್ಕೆ ನೋಡಿ, “ಅದು ಯಾವ ಬೆಟ್ಟ?” ಎಂದ.

“ಅದೇ ಬೆಟ್ಟ,” ಎಂದೆ. “ನಾವು ಅದಕ್ಕೆ ಬೆನ್ನು ಹಾಕಿ ಹೋಗ್ತಿದ್ದೀವಿ. ತುದಿ ಮುಟ್ಟೋವರೆಗೆ ಹೀಗೇ.”

“ಅಂದ್ರೆ ಹೊರಟಾಗಿನಿಂದ ಇನ್ನೂ ದೂರ ಆಗಿದ್ದೀವಾ?”

“ಭಾಗಾಕಾರದಲ್ಲಿ ಅದು ಬರಲ್ವಾ?” ಎಂದು ಹಿಲ್ಮಾರ್ ಬಹಳ ಮರ್ಯಾದೆಯಿಂದ ಕೇಳಿದ.

ಆಮೇಲೆ ಹಿಮಸಾರಂಗಗಳು. ರಸ್ತೆಯ ಮೇಲೆ ಉಪ್ಪು ನೆಕ್ಕುತ್ತ ಒಂದು ಅರವತ್ತು ನಿಂತಿದ್ದವು. ಹಿಲ್ಮಾರ್ ಇಳಿದು ಹೋ ಹೋ ಎಂದ. ನಿಲ್ದಾಣದ ಸಾರಂಗಗಳಾಗಿದ್ದರೆ ಜಾಕೆಟ್ಟು ಗುರುತು ಹಿಡಿಯುತ್ತಿದ್ದವು. ಇವು ಬೇರೆ ಊರಿನವು. ಅರ್ಧ ಗಂಟೆ ಅವನನ್ನು ನೋಡುತ್ತ ನಿಂತು, ಕೊನೆಗೆ ತಾವಾಗಿಯೇ ಹೋದವು.

ಹತ್ತೂಮುಕ್ಕಾಲಿಗೆ ಬೆಟ್ಟದ ಬುಡ ತಲುಪಿದೆವು. ರಸ್ತೆಗೆ ಗೇಟು ಬಿದ್ದಿತ್ತು. ಮುಂದೆ ಹದಿನಾಲ್ಕು ಲಾರಿ, ಒಂದು ಹೆಣದ ಗಾಡಿ. ಗೇಟಿನ ಗುಡಿಸಲಿನಿಂದ ಗಡ್ಡಕ್ಕೆ ಹಿಮ ಅಂಟಿದ ಮುದುಕನೊಬ್ಬ ಹೊರಬಂದ.

“ಮೇಲೆ ಗಾಳಿ. ಹಿಮ ತಳ್ಳೋ ಲಾರಿ ಹಿಂದೆ ಸಾಲಾಗಿ ಬಿಡ್ತೀವಿ.”

“ಯಾವಾಗ?” ಎಂದ ಪ್ರೆಬೆನ್.

“ಗಾಳಿ ನಿಂತ ಮೇಲೆ.”

“ಅದು ಯಾವಾಗ ನಿಲ್ಲುತ್ತೆ?”

ಮುದುಕ ಅವನ ಚೂಪು ಬೂಟು ನೋಡಿದ, ಚೀಲ ನೋಡಿದ, ಕೊನೆಗೆ ನನ್ನನ್ನು ನೋಡಿ, “ಇವರು ಎಲ್ಲಿಯವರು?” ಎಂದು ಕೇಳಿದ.

“ಓಸ್ಲೋ,” ಎಂದೆ.

“ಹಾಗಾದ್ರೆ ಸರಿ,” ಎಂದು ಒಳಗೆ ಹೋದ.

ಹನ್ನೆರಡೂಕಾಲಿಗೆ ತಲೆಯ ಮೇಲೆ ಮೋಡದೊಳಗೆ ಗುರ್ ಎಂದು ಸದ್ದಾಯಿತು ಎಂದು ಹಿಲ್ಮಾರ್ ಸಾಧಿಸಿದ. ವಿಮಾನದ ದಾರಿ ಅಲ್ಲಿಂದ ಎಷ್ಟೋ ದೂರ. ಸದ್ದು ಕೇಳುವ ಪ್ರಶ್ನೆಯೇ ಇರಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಗುನ್ವೋರಳ ಫೋನು ಬಡಿದುಕೊಂಡಿತು. ಆಸ್ಲೌಗ್‌ಳ ದನಿ ವ್ಯಾನಿನ ತುಂಬ ಕೇಳಿಸಿತು.

“ನಾವು ಹೋಲ್ಮವಿಕ್‌ನಲ್ಲಿ ಇಳಿದ್ವಿ! ಐಡಾರ್ ಬೆಳಿಗ್ಗೆಯ ವಿಮಾನದಲ್ಲೇ ಆಸ್ಪತ್ರೆಗೆ ಹೋದ. ನೀವೆಲ್ಲಿದ್ದೀರಿ?”

“ಗೇಟ್ ಹತ್ರ.”

“ಪ್ರೆಬೆನ್?”

“ಇದ್ದಾರೆ. ಬದುಕಿದ್ದಾರೆ.”

ಪ್ರೆಬೆನ್‌ನ ಬೂಟಿನೊಳಗೆ ಕಾಲು ಮರಗಟ್ಟಿತ್ತು. ಗುನ್ವೋರ್ ಕನ್ನಡಕದ ಮೇಲಿಂದ ನೋಡಿ, “ಬಿಚ್ಚು ಅದನ್ನ,” ಎಂದಳು. ಅಷ್ಟು ಹೊತ್ತಿಗೆ ಅವಳು ಒಂದು ಉಣ್ಣೆಯ ಕಾಲುಚೀಲ ಪೂರ್ತಿ, ಇನ್ನೊಂದು ಅರ್ಧ ಹೆಣೆದಿದ್ದಳು. ಒಂದೂವರೆಯನ್ನೂ ಅವನ ಕಾಲಿಗೆ ಏರಿಸಿದಳು. ಅರ್ಧದ್ದರಿಂದ ಸೂಜಿ ಬಿಚ್ಚಲು ಒಪ್ಪಲಿಲ್ಲ, ಹೆಣಿಗೆ ಜಾರುತ್ತದಂತೆ. ಹೀಗಾಗಿ ಸರ್ಕಾರದ ಪ್ರತಿನಿಧಿ ಎಡಗಾಲಿಗೆ ನಾಲ್ಕು ಸೂಜಿ ಸಿಕ್ಕಿಸಿಕೊಂಡು ಕುಳಿತಿದ್ದ.

ಒಂದು ಗಂಟೆಯಾಯಿತು. ಎರಡಾಯಿತು. ಅವನ ಫೋನಿನಲ್ಲಿ ಸಿಗ್ನಲ್ ಬಂದಾಗಲೆಲ್ಲ ಒಂದು ಹೆಂಗಸಿನ ದನಿ ಕೂಗುತ್ತಿತ್ತು. ಸಮಿತಿಯ ಅಧ್ಯಕ್ಷೆ ವಿಬೆಕೆ. ಅವರು ಬೇರೆ ಕಡೆಯಿಂದ ನೇರವಾಗಿ ಹೋಲ್ಮವಿಕ್‌ಗೆ ಬಂದಿಳಿದಿದ್ದರು. “ಕಡತ ನಿನ್ನ ಹತ್ರ! ಮೊಹರು ನಿನ್ನ ಹತ್ರ! ಎಂಬತ್ತು ಜನ ಕೂತಿದ್ದಾರೆ! ಎಲ್ಲಿದ್ದೀಯ?” ಪ್ರೆಬೆನ್ ಬಾಯಿ ತೆರೆಯುವಷ್ಟರಲ್ಲಿ ಸಿಗ್ನಲ್ ಹೋಗುತ್ತಿತ್ತು.

ನಾಲ್ಕಕ್ಕೆ ಹತ್ತು ನಿಮಿಷವಿದ್ದಾಗ ಗೇಟು ಎತ್ತಿದರು. ಹಿಮ ತಳ್ಳುವ ಲಾರಿಯ ಹಿಂದೆ, ಹೆಣದ ಗಾಡಿಯ ಬೆನ್ನಿಗೇ ಅಂಟಿಕೊಂಡು, ನಡೆಯುವವರ ವೇಗದಲ್ಲಿ ಏರಿದೆವು. ಮುಂದೆ ಕೆಂಪು ದೀಪ ಬಿಟ್ಟರೆ ಮಿಕ್ಕಿದ್ದೆಲ್ಲ ಬಿಳಿ. ಪ್ರೆಬೆನ್ ಚೀಲವನ್ನು ತಬ್ಬಿಕೊಂಡಿದ್ದ. ಒಮ್ಮೆ ಮಾತ್ರ, “ಮುಂದಿನ ಗಾಡೀಲಿ ನಿಜವಾಗ್ಲೂ...?” ಎಂದು ಕೇಳಿದ.

“ಹೌದು,” ಎಂದಳು ಗುನ್ವೋರ್. “ಅವರಿಗೆ ಅವಸರ ಇಲ್ಲ.”

ಸಂಜೆ ಆರೂ ನಲವತ್ತಕ್ಕೆ ಹೋಲ್ಮವಿಕ್‌ನ ಸಭಾಭವನ ಮುಟ್ಟಿದೆವು. ಹತ್ತು ಗಂಟೆ ನಲವತ್ತು ನಿಮಿಷ. ಒಳಗೆ ಎಂಬತ್ತು ಜನ ಮಧ್ಯಾಹ್ನದಿಂದ ಕಾಫಿ ಕುಡಿದೂ ಕುಡಿದೂ, ಒಬ್ಬರ ಮೇಲೊಬ್ಬರು ರೇಗುವ ಹಂತಕ್ಕೆ ಬಂದಿದ್ದರು. ವಿಬೆಕೆ ವೇದಿಕೆಯ ಮೇಲೆ ಕಲ್ಲಿನಂತೆ ಕೂತಿದ್ದರು. ಪಕ್ಕದ ಸಾಲಿನಲ್ಲಿ ಆಸ್ಲೌಗ್. ಅವಳ ಪಕ್ಕದಲ್ಲಿ, ಡಯಾಲಿಸಿಸ್ ಮುಗಿಸಿಕೊಂಡು ಬಂದು, ಸಂಜೆಯ ವಿಮಾನ ಬಿಟ್ಟುಕೊಟ್ಟು ಕೂತಿದ್ದ ಐಡಾರ್.

“ಎಲ್ಲಿ ಹೋಗಿದ್ದೆ?” ಎಂದರು ವಿಬೆಕೆ.

ಪ್ರೆಬೆನ್ ಒಂದೂವರೆ ಕಾಲುಚೀಲದಲ್ಲಿ ಸಭೆಯ ನಡುವೆ ನಡೆದು ಹೋಗಿ ಚೀಲವನ್ನು ಮೇಜಿನ ಮೇಲಿಟ್ಟ. ಎಡಗಾಲಿನ ಸೂಜಿಗಳು ನೆಲಕ್ಕೆ ತಗುಲಿ ಟಿಕ್ ಟಿಕ್ ಎಂದವು. “ಎಲ್ಲೂ ಹೋಗಿರಲಿಲ್ಲ ಮೇಡಂ. ಬರ್ತಾನೇ ಇದ್ದೆ. ಬೆಳಿಗ್ಗೆ ಎಂಟರಿಂದ ಬರ್ತಾ ಇದ್ದೀನಿ. ಏಳನೇ ಪುಟದ ದಾರೀಲಿ.”

ಸಭೆಯಲ್ಲಿ ನಗು ಎದ್ದಿತು. ವಿಬೆಕೆ ಸುತ್ತಿಗೆ ಬಡಿದರು. ಅವರು ಮೂವತ್ತು ವರ್ಷ ಸಮಿತಿಗಳಲ್ಲಿ ಕಳೆದ ಹೆಂಗಸು. ನಗುವಿಗೆ ಮಣಿಯುವವರಲ್ಲ.

“ದಾರಿಯ ವಿಷಯ ಆಮೇಲೆ. ಮೊದಲು ತಜ್ಞ ಸಾಕ್ಷಿ. ಹಿಲ್ಮಾರ್ ಯಾರು?”

ಹಿಲ್ಮಾರ್ ಎದ್ದ. ಗುನ್ವೋರ್ ಜಾಕೆಟ್ಟಿನ ಚುಂಗು ಹಿಡಿದು ಎಳೆದಳು. ಅವನು ಕೂತ. ಮತ್ತೆ ಎದ್ದ. ಮತ್ತೆ ಎಳೆದಳು. ಮೂರನೇ ಸಲ ಅವನು ಜಾಕೆಟ್ಟಿನ ಜಿಪ್ಪು ಎಳೆದು, ಅದನ್ನು ಅವಳ ಕೈಯಲ್ಲೇ ಬಿಟ್ಟು, ಬರಿಯ ಉಣ್ಣೆಯಂಗಿಯಲ್ಲಿ ನಡೆದು ಮುಂದೆ ಹೋದ. ಜಾಕೆಟ್ಟಿಲ್ಲದ ಹಿಲ್ಮಾರನನ್ನು ನಾವು ಎಂಟು ವರ್ಷದಿಂದ ನೋಡಿರಲಿಲ್ಲ. ಎಷ್ಟು ಸಣ್ಣ ಮನುಷ್ಯ ಎಂದು ಎಲ್ಲರಿಗೂ ಆಶ್ಚರ್ಯವಾಯಿತು.

“ಒಂದೇ ಪ್ರಶ್ನೆ,” ಎಂದರು ವಿಬೆಕೆ. “ಹೌದು ಅಥವಾ ಇಲ್ಲ ಅನ್ನಿ. ಎರಡು ನಿಲ್ದಾಣಗಳ ನಡುವೆ ಹನ್ನೊಂದು ನಿಮಿಷ ಅಂತ ನೀವು ಹೇಳಿದ್ದು ನಿಜವಾ? ಆಮೇಲೆ ಐದು ಗಂಟೆ ಅಂತ ಪತ್ರ ಬರೆದಿದ್ದೀರಿ. ಯಾವುದು ಸರಿ?”

ಆಸ್ಲೌಗ್ ಬಾಯಿಯನ್ನು ದೊಡ್ಡದಾಗಿ ಆಡಿಸುತ್ತ, ಸದ್ದಿಲ್ಲದೆ, ‘ಐದು ಗಂಟೆ, ಐದು ಗಂಟೆ’ ಎಂದು ಹೇಳಿಕೊಡುತ್ತಿದ್ದಳು.

“ಹನ್ನೊಂದು ನಿಮಿಷ,” ಎಂದ ಹಿಲ್ಮಾರ್.

ಆಸ್ಲೌಗ್ ಮುಖ ಮುಚ್ಚಿಕೊಂಡಳು.

“ಹನ್ನೊಂದು ನಿಮಿಷ, ಮೇಡಂ. ಐದು ಗಂಟೆ ಅಂತ ಬರೆದಿದ್ದು ಸುಳ್ಳು. ಊರವರು ಬೈದ್ರು, ಹೆದರಿ ಬರೆದೆ. ಇನ್ನು ಮೇಲೆ ಯಾರು ಬೈದ್ರೂ ಬರೆಯಲ್ಲ. ಎದುರುಗಾಳಿ ಇದ್ರೆ ಹದಿಮೂರು, ಇಲ್ಲದಿದ್ರೆ ಹನ್ನೊಂದು. ಬೆಳಿಗ್ಗೆ ಐಡಾರ್ ಹೊರಡ್ತಾನೆ, ಆಸ್ಪತ್ರೆಗೆ ಬರ್ತಾನೆ, ಸಂಜೆ ಮನೆಗೆ ಬಂದು ಬೆಕ್ಕಿಗೆ ಊಟ ಹಾಕ್ತಾನೆ. ಅದು ಹನ್ನೊಂದು ನಿಮಿಷದಿಂದ. ಆದ್ರೆ ಆ ಹನ್ನೊಂದು ನಿಮಿಷ ಸುಮ್ನೆ ಗಾಳೀಲಿ ಬಿದ್ದಿರಲ್ಲ. ಇಲ್ಲೊಂದು ನಿಲ್ದಾಣ, ಅಲ್ಲೊಂದು ನಿಲ್ದಾಣ ಇದ್ರೆ ಮಾತ್ರ ಅದು ಇರುತ್ತೆ. ಒಂದು ಕಿತ್ತು ಹಾಕಿ, ಹನ್ನೊಂದು ನಿಮಿಷವೂ ಹೋಯ್ತು. ಓಸ್ಲೋದಲ್ಲಿ ನೀವು ಒಂದೇ ದಡಕ್ಕೆ ಸೇತುವೆ ಕಟ್ತೀರಾ? ಅಷ್ಟು ಹತ್ತಿರ ಅಂತ ಮುಚ್ಚೋದಲ್ಲ ಮೇಡಂ. ಮುಚ್ಚಿಲ್ಲ ಅಂತ ಹತ್ತಿರ!”

“ನಾನು ತಜ್ಞ ಅಲ್ಲ. ಆದ್ರೆ ಇದನ್ನ ತಿಳ್ಕೊಳ್ಳೋಕೆ ತಜ್ಞ ಆಗ್ಬೇಕಾಗಿಲ್ಲ,” ಎಂದು ಸೇರಿಸಿ, ವಾಪಸ್ಸು ಬಂದು ಗುನ್ವೋರಳ ಪಕ್ಕ ಕೂತ. ಅವಳು ಜಾಕೆಟ್ಟನ್ನು ಅವನ ಹೆಗಲ ಮೇಲೆ ಹೊದಿಸಿದಳು. ತಣ್ಣಗಿನ ವಡೆ ಬಡಿಸಿದ ಕೈ ಅದೇ.

ಚಪ್ಪಾಳೆ ಮೊದಲು ಶುರು ಮಾಡಿದ್ದು ಹೋಲ್ಮವಿಕ್‌ನವರು. ಅವರಿಗೂ ಮನೆಗೆ ಹೋಗುವ ಅವಸರವಿತ್ತೆನ್ನಿ. ವಿಬೆಕೆ ಪ್ರೆಬೆನ್ ಕಡೆ ತಿರುಗಿ, “ಏಳನೇ ಪುಟ ಬರೆದವನು ನೀನು. ಏನಾದ್ರೂ ತಿದ್ದುಪಡಿ ಇದೆಯಾ?” ಎಂದರು.

ಪ್ರೆಬೆನ್ ಚೀಲದಿಂದ ಪೆನ್ನು ತೆಗೆದು, ಏಳನೇ ಪುಟವನ್ನು ಮೇಲಿಂದ ಕೆಳಕ್ಕೆ ಒಂದೇ ಗೆರೆಯಲ್ಲಿ ಹೊಡೆದು ಹಾಕಿದ.

ಮೇ ತಿಂಗಳಲ್ಲಿ ಕಾಗದ ಬಂತು. ಸ್ಕರ್ವನೆಸ್ ನಿಲ್ದಾಣ ಸದ್ಯಕ್ಕೆ ಉಳಿಯುವುದು. ಸದ್ಯಕ್ಕೆ ಎಂದರೆ ಎಷ್ಟು ವರ್ಷ ಎಂದು ಬರೆದಿರಲಿಲ್ಲ. ನಾವೂ ಕೇಳಲಿಲ್ಲ. ನಮ್ಮೂರಿನಲ್ಲಿ ಕೃತಜ್ಞತೆ ಬಾಯಲ್ಲಿ ಹೇಳುವ ಪದ್ಧತಿಯಿಲ್ಲ. ಹಿಲ್ಮಾರನ ಮನೆಯ ಮೆಟ್ಟಿಲ ಮೇಲೆ ಯಾರೋ ಒಂದು ದೊಡ್ಡ ಏಡಿ ಇಟ್ಟು ಹೋಗಿದ್ದರು. ಆಸ್ಲೌಗ್ ತಾನಲ್ಲ ಎಂದಳು.

ಇಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಜುಲೈಯಲ್ಲಿ, ಸೂರ್ಯ ಮುಳುಗುವುದನ್ನೇ ಮರೆತ ಒಂದು ಮಧ್ಯಾಹ್ನ, ಹಿಲ್ಮಾರನ ಮನೆಯ ಮುಂದೆ ಕಾರೊಂದು ಬಂದು ನಿಂತಿತು. ಅದರಿಂದ ಪ್ರೆಬೆನ್ ಇಳಿದ. ಜೊತೆಗೆ ಅವನು ಮದುವೆಯಾಗಲಿದ್ದ ಹುಡುಗಿ, ಸಿಲ್ಯೆ. ಬೇಸಿಗೆ ರಜೆಗೆ ಬಂದಿದ್ದರು. ಪ್ರೆಬೆನ್‌ನ ಮುಖ ಅರಳಿತ್ತು.

“ಹಿಲ್ಮಾರ್! ನಿಮ್ಮ ದಾರೀನ ಇವಳಿಗೆ ತೋರಿಸ್ಬೇಕು ಅಂತ ಹೋಲ್ಮವಿಕ್‌ನಿಂದ ಕಾರಲ್ಲೇ ಬಂದ್ವಿ. ಈ ಸಲ ನಾಲ್ಕೂವರೆ ಗಂಟೆ. ಗೇಟು ತೆರೆದಿತ್ತು. ಎಷ್ಟು ಚೆಂದ ಇದೆ ಗೊತ್ತಾ!”

ನಾನು ಮೊಟ್ಟೆ ಕೊಡಲು ಅಲ್ಲಿಗೆ ಹೋಗಿದ್ದೆ. ಹಿಲ್ಮಾರನ ಮುಖ ನೋಡಿ ಬುಟ್ಟಿಯನ್ನು ಕೆಳಗಿಟ್ಟೆ.

“ಕಾರಲ್ಲಿ?” ಎಂದ ಹಿಲ್ಮಾರ್.

“ಹೌದು.”

“ನಮ್ಮ ನಿಲ್ದಾಣ ಇರುವಾಗ? ನಾವು ಇಡೀ ಚಳಿಗಾಲ ಒದ್ದಾಡಿ ಉಳಿಸಿಕೊಂಡ ನಿಲ್ದಾಣ ಇರುವಾಗ, ಕಾರಲ್ಲಿ?” ಅವನ ದನಿ ಏರಿತು. “ಮುಂದಿನ ಸಲ ಸಮಿತಿ ಬಂದಾಗ ಏನು ಬರೆಯುತ್ತೆ? ‘ಅಧಿಕಾರಿಗಳೂ ಸಂತೋಷವಾಗಿ ರಸ್ತೆಯಲ್ಲೇ ಬರುತ್ತಾರೆ’ ಅಂತ! ಹತ್ತಿ ಕಾರು! ಹೋಲ್ಮವಿಕ್‌ಗೆ ವಾಪಸ್ ಹೋಗಿ!”

“ಹಿಲ್ಮಾರ್, ಇನ್ನೂರ ಮೂವತ್ತೊಂದು ಕಿಲೋಮೀಟರ್...”

“ಗೊತ್ತು! ನಾಳೆ ಅಲ್ಲಿಂದ ಮಧ್ಯಾಹ್ನದ ವಿಮಾನದಲ್ಲಿ ಬನ್ನಿ. ಮೆಟ್ಟಿಲು ನಾನೇ ತರ್ತೀನಿ, ಸಾಮಾನು ನಾನೇ ಹೊರ್ತೀನಿ, ಒಂದು ವಾರ ಇರಿ, ಒಂದು ತಿಂಗಳು ಇರಿ. ಆದ್ರೆ ಈ ರಸ್ತೆಯಿಂದ ಬಂದವರಿಗೆ ನನ್ನ ಮನೇಲಿ ಕಾಫಿ ಇಲ್ಲ!”

ಬಾಗಿಲು ಹಾಕಿಕೊಂಡ. ಪ್ರೆಬೆನ್ ಬಾಗಿಲನ್ನೂ ನನ್ನನ್ನೂ ನೋಡಿದ. ಸಿಲ್ಯೆ ಅವನ ತೋಳಿಗೆ ಕೈಹಾಕಿ, ನಗು ತಡೆಯುತ್ತ, “ಇವರು ತಮಾಷೆ ಮಾಡ್ತಿದ್ದಾರಾ?” ಎಂದಳು.

“ಇಲ್ಲ,” ಎಂದು ನಿಟ್ಟುಸಿರು ಬಿಟ್ಟ ಪ್ರೆಬೆನ್. “ಕಾರು ಹತ್ತು.”

ಅಡುಗೆಮನೆಯ ಕಿಟಕಿ ತೆರೆಯಿತು. ಗುನ್ವೋರಳ ಕೈಯೊಂದು ಹೊರಬಂದು, ಬಟ್ಟೆಯಲ್ಲಿ ಸುತ್ತಿದ ಬಿಸಿ ವಾಫಲ್‌ಗಳ ಗಂಟನ್ನು ಸಿಲ್ಯೆಗೆ ಕೊಟ್ಟಿತು. “ದಾರೀಲಿ ತಿನ್ನಿ. ಬಟ್ಟೆ ನಾಳೆ ವಾಪಸ್ ತನ್ನಿ.”

ಮರುದಿನ ಮಧ್ಯಾಹ್ನ ಮೋಡವೇ ಇರಲಿಲ್ಲ. ಕ್ಯಾಪ್ಟನ್ ಇಂಗುನ್ ವಿಮಾನದ ಬಾಗಿಲು ತೆರೆದಾಗ, ನಿದ್ದೆಗೆಟ್ಟ ಕಣ್ಣುಗಳ ಇಬ್ಬರು ಮೆಟ್ಟಿಲ ಮೇಲೆ ಕಾಣಿಸಿಕೊಂಡರು. ಕೆಳಗೆ ಹಿಲ್ಮಾರ್, ಜಿಪ್ಪು ಕತ್ತಿನವರೆಗೆ ಎಳೆದುಕೊಂಡು, ನೆಟ್ಟಗೆ ನಿಂತಿದ್ದ. ನಿನ್ನೆ ಏನೂ ನಡೆದೇ ಇಲ್ಲವೆಂಬಂತೆ ಎರಡೂ ಕೈ ಚಾಚಿದ.

“ಬನ್ನಿ, ಬನ್ನಿ! ಪ್ರಯಾಣ ಹೇಗಿತ್ತು? ಆಯಾಸ ಆಗಿಲ್ಲ ತಾನೆ?”